ಮಾಸ್ತರರು ಮಾಡಿದ ಚಕೋಲಿ

ಬಾಗಿಲಿಗೆ ಅಗಳಿ ಹಾಕಿ ಬಂದು ಒಲೆಯ ಮುಂದೆ ಕೂತ ಮೇಲೂ ಯಾರೋ ತನ್ನನ್ನು ನೋಡುತ್ತಿದ್ದಾರೆ ಅಂತಲೇ ನಾಮದೇವನಿಗೆ ಅನ್ನಿಸುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಜ್ವರ ಅಂಟೀತೆಂದು ಮಕ್ಕಳಿಬ್ಬರನ್ನೂ ಮೂರು ವಾರದ ಹಿಂದೆಯೇ ಧಾರೂರಿಗೆ, ಅಜ್ಜಿಯ ಮನೆಗೆ ಕಳಿಸಿಯಾಗಿತ್ತು. ನಡುಮನೆಯಲ್ಲಿ ಹೆಂಡತಿ ಕೌಶಲ್ಯಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಗಿದ್ದರೂ ಅವನು ಎರಡು ಸಲ ಎದ್ದು ಅಗಳಿ ಮುಟ್ಟಿ ನೋಡಿ ಬಂದ. ಮುಂದೆ ಅಗಲ ತಟ್ಟೆಯಂಥ ಪರಾತದಲ್ಲಿ ಗೋಧಿ ಹಿಟ್ಟು ಅವನಿಗಾಗಿ ಕಾದಿತ್ತು. ನಲವತ್ತೊಂದು ವರ್ಷದ ಬಾಳಿನಲ್ಲಿ ಈ ಕೈ ಸುಣ್ಣದ ಕಡ್ಡಿ ಹಿಡಿದಿತ್ತು, ಬೆತ್ತ ಹಿಡಿದಿತ್ತು, ಒಮ್ಮೆ ಶಾಲೆಯಲ್ಲಿ ಬಾವುಟದ ಹಗ್ಗವನ್ನೂ ಹಿಡಿದಿತ್ತು. ಹಿಟ್ಟು ಮಾತ್ರ ಹಿಡಿದಿರಲಿಲ್ಲ. ಚಿಕ್ಕವನಿದ್ದಾಗ ಅಡಿಗೆಮನೆಯ ಹೊಸ್ತಿಲು ದಾಟಿದರೆ ಅವ್ವ ಭೀಮಮ್ಮ ಸೌಟು ಎತ್ತುತ್ತಿದ್ದಳು, ಗಂಡಸಿಗೆ ಒಲೆಯ ಮುಂದೇನು ಕೆಲಸ ಅಂತ. ಅವ್ವ ಸತ್ತು ಹನ್ನೊಂದು ವರ್ಷವಾಗಿತ್ತು. ಆದರೂ ಅವನು ಸೌಟು ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡ.

ಬೆಳಿಗ್ಗೆ ಕಂಪೌಂಡರ್ ರಾಮುಲು ಬಂದಿದ್ದ. ಇಪ್ಪತ್ತಾರು ದಿನದಿಂದ ದಿನವೂ ಬಂದು, ಕೌಶಲ್ಯಾಳ ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಏನೂ ಹೇಳದೆ ಹೋಗುತ್ತಿದ್ದ ಮನುಷ್ಯ. ಇವತ್ತು ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿ ಮೊದಲ ಸಲ ನಕ್ಕ.

“ನಾಕು ದಿನ ಆತು ಸಾರ್, ಬುಖಾರ್ ಇಲ್ಲ. ಮುದ್ದತಿನ ಜ್ವರ ಮುದ್ದತು ಮುಗಿಸಿ ಹೋಗ್ಯಾದ. ಇವತ್ತಿನಿಂದ ಮೆತ್ತಗಿಂದು ಏನರೆ ಜರಾ ಜರಾ ತಿನಸ್ರಿ.”

“ಏನು ತಿನಸಬೇಕು?”

“ಅವರಿಗೇ ಕೇಳ್ರಿ, ಬಾಯಿಗಿ ಏನು ಬೇಕಂತ. ಬೆಣ್ಣಿ ಹಾಂಗ ಬೆಂದಿರಬೇಕು ಮತ್ತ. ಹಸಿಬಿಸಿ ಉಳದು ಗಂಟು ಹೋತಂದ್ರ ಕರುಳು ತಡೆಯಂಗಿಲ್ಲ. ಕರಣಕೋಟದಾಗ ಒಬ್ಬಾಕಿ ಎದ್ದು ಕುಂತಾಕಿ ಒಂದು ತುತ್ತು ತಿಂದು ಮತ್ತ ಮಲಗಿದಾಕಿ ಏಳಲೇ ಇಲ್ಲ.”

ಹೇಳುವುದನ್ನು ಹೇಳಿ ರಾಮುಲು ಸೈಕಲ್ ಹತ್ತಿ ಹೋದ. ನಾಮದೇವ ಹಾಸಿಗೆಯ ಹತ್ತಿರ ಬಗ್ಗಿ, ಏನು ತಿನ್ನಬೇಕು ಅನ್ನಿಸುತ್ತದೆ ಅಂತ ಕೇಳಿದ. ಗಂಜಿ ಅಂದಾಳು, ಹೆಚ್ಚೆಂದರೆ ಅನ್ನ ಮಜ್ಜಿಗೆ ಅಂದಾಳು ಅಂದುಕೊಂಡಿದ್ದ. ಕೌಶಲ್ಯಾ ಕಣ್ಣು ತೆರೆಯದೆ ಒಂದೇ ಮಾತು ಹೇಳಿದಳು.

“ಚಕೋಲಿ.”

ಕಪಾಳಕ್ಕೆ ಬಿದ್ದಂತಾಯಿತು. ಗೋಧಿ ಹಿಟ್ಟನ್ನು ತೆಳ್ಳಗೆ ಹಾಳೆಯಾಗಿ ಲಟ್ಟಿಸಿ, ಶಂಕರಪೋಳಿಯ ಹಾಗೆ ಕೊಯ್ದು, ಕುದಿಯುವ ತೊಗರಿಬೇಳೆಯಲ್ಲಿ ಬೇಯಿಸುವ ಸೀದಾಸಾದಾ ತಿನಿಸು. ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಈ ಮನೆಯಲ್ಲಿ ಮಾತ್ರ ಏಳು ವರ್ಷದಿಂದ ಅದನ್ನು ಮಾಡಿರಲಿಲ್ಲ, ಅದರ ಹೆಸರನ್ನೂ ಯಾರೂ ಎತ್ತಿರಲಿಲ್ಲ. ಅವಳ ಬಾಯಿ ನಿಜವಾಗಿ ಬೇಡಿತೋ, ಅಥವಾ ಸಾಯುವ ಬಾಗಿಲ ತನಕ ಹೋಗಿ ಬಂದವಳು ಹಳೆಯದನ್ನು ಒಮ್ಮೆ ಮುಂದೆ ಇಟ್ಟು ನೋಡೋಣ ಅಂದಳೋ? ಮುಖದಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆ ಮುಖ ನೋಡಿ ಏನನ್ನೂ ತಿಳಿಯುವ ಹಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಸುಮ್ಮನೆ ಹೊದಿಕೆ ಸರಿಮಾಡಿದ.

ಪಕ್ಕದ ಮನೆಯ ಕುರಿಯವರ ಗುಂಡಮ್ಮ ಹಾಲು ಹಾಕಲು ಬಂದಾಗ ಆ ಮಾತು ಅವಳ ಕಿವಿಗೂ ಬಿತ್ತು. “ಬಿಡ್ರಿ ಮಾಸ್ತರ್ರ, ನಾ ಮಾಡಿಕೊಡ್ತೀನಿ, ಅರ್ಧಾ ತಾಸಿನ ಕೆಲಸ” ಅಂದಳು. ಹ್ಞೂಂ ಅನ್ನಬಹುದಾಗಿತ್ತು. ಆದರೆ ಬಾಯಿಂದ ಬಂದದ್ದು “ಬ್ಯಾಡ, ನಾನೇ ಮಾಡ್ತೀನಿ” ಅಂತ. ಗುಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. “ಯವ್ವಾ, ಮಾಸ್ತರು ಲಟ್ಟಣಿಗಿ ಹಿಡಿತಾರಂತ! ಕೌಸಲ್ಯಕ್ಕ, ಲಗೂನ ಎದ್ದು ನೋಡವ್ವ” ಅಂದವಳು ನಗುತ್ತಲೇ ಹೋದಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ನಾಳೆ ಕ್ಲಾಸಿನಲ್ಲಿ ಹಿಂದಿನ ಸಾಲಿನ ಹುಡುಗರಿಗೂ ಗೊತ್ತಾಗಿರುತ್ತದೆ. ಅಗಳಿ ಹಾಕಿದ್ದು ಅದಕ್ಕೇ.

ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿದ. ಉಪ್ಪು, ಎರಡು ಹನಿ ಎಣ್ಣೆ, ಉಗುರು ಬೆಚ್ಚಗಿನ ನೀರು. ನೀರು ಹೆಚ್ಚಾಯಿತು, ಹಿಟ್ಟು ಸೇರಿಸಿದ. ಹಿಟ್ಟು ಹೆಚ್ಚಾಯಿತು, ನೀರು ಸೇರಿಸಿದ. ಒಬ್ಬಳಿಗೆಂದು ಎರಡು ಹಿಡಿ ತೆಗೆದುಕೊಂಡದ್ದು ಮೂರು ಜನಕ್ಕೆ ಆಗುವಷ್ಟಾಯಿತು. ಬೆರಳ ಸಂದಿಯಲ್ಲೆಲ್ಲ ಅಂಟಿತು. ಕೌಶಲ್ಯಾ ಅಂಗೈಯ ಬುಡದಿಂದ ಒತ್ತುತ್ತಿದ್ದಳು, ಮೈಭಾರವೆಲ್ಲ ಹಾಕಿ. ಬಳೆ ಮೇಲೆ ಸರಿಸಿಕೊಂಡು. ಅವನು ಅಷ್ಟು ನೋಡಿದ್ದ ಎಂದು ಅವನಿಗೇ ಗೊತ್ತಿರಲಿಲ್ಲ. ಏಳು ವರ್ಷದ ಹಿಂದಿನ ಆ ದಿನವೂ ಬಾಗಿಲಲ್ಲಿ ನಿಂತು ನೋಡಿದ್ದ, ನೋಡುತ್ತ ಒಳಗೊಳಗೆ ಕುದಿಯುತ್ತಿದ್ದ. ಅದಕ್ಕೆ ಎರಡು ವರ್ಷ ಮೊದಲು, ಭಾಷೆಯ ಮೇಲೆ ರಾಜ್ಯ ಹಂಚಿದಾಗ, ರಾತ್ರಿ ಬೀದರ ಜಿಲ್ಲೆಯಲ್ಲಿ ಮಲಗಿದ್ದ ಅವನ ಊರು ನಾರಾಯಣಖೇಡ ಬೆಳಿಗ್ಗೆ ಆಂಧ್ರದ ಮೇದಕ ಜಿಲ್ಲೆಯಲ್ಲಿ ಎದ್ದಿತ್ತು. ಬಾವಿ, ಬೇವಿನ ಮರ, ಸಂತೆ ಎಲ್ಲ ಇದ್ದಲ್ಲೇ ಇದ್ದವು. ಕನ್ನಡದ ಕ್ಲಾಸು ಮಾತ್ರ ವರ್ಷ ವರ್ಷಕ್ಕೆ ಸಣ್ಣದಾಗುತ್ತ ಬಂದು, ಹೊಸ ಹುಕುಮಿನ ಪ್ರಕಾರ ಮೂವತ್ತು ದಾಟಿದ ಮಾಸ್ತರನೊಬ್ಬ ರಾತ್ರಿ ಕಂದೀಲಿನ ಮುಂದೆ ತೆಲುಗು ಬಾಲಬೋಧೆ ಹಿಡಿದು ಅಕ್ಷರ ತಿದ್ದಬೇಕಾಗಿತ್ತು. ಸಂತೆಯ ತೆಲುಗು ಅವನಿಗೆ ಹುಟ್ಟಿದಾಗಿನಿಂದ ಬರುತ್ತಿತ್ತು. ಶಾಲೆಯ ತೆಲುಗು ಬೇರೆ. ಅದನ್ನು ಮಾತನಾಡುವಾಗ ನಾಲಿಗೆ ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ನಿಂತಂತೆ ತಡೆಯುತ್ತಿತ್ತು.

ಆ ದಿನ ಹೊಸ ಇನ್ಸ್‌ಪೆಕ್ಟರು ಬಂದಿದ್ದರು. ಕ್ಲಾಸಿನಲ್ಲಿ ಅವರ ಮುಂದೆ ಪಾಠ ಮಾಡಲು ನಿಂತ ನಾಮದೇವ ಮೂರು ಸಲ ತೊದಲಿದ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಇನ್ಸ್‌ಪೆಕ್ಟರು ನಗಲಿಲ್ಲ, ಕಿಟಕಿಯ ಹೊರಗೆ ನೋಡಿದರು, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಊಟಕ್ಕೆ ಅವರನ್ನು ಮನೆಗೆ ಕರೆತರಬೇಕಾಗಿತ್ತು. ದಾರಿಯುದ್ದಕ್ಕೂ ಅವನು ಒಂದು ಹೆಜ್ಜೆ ಹಿಂದೆ ನಡೆದ. ಮನೆಯಲ್ಲಿ ಕೌಶಲ್ಯಾ ಚಕೋಲಿ ಬಡಿಸಿದಳು, ಅದು ತಾಟಿನಲ್ಲಿ ಮುದ್ದೆಯಾಗಿ ಬಿತ್ತು. ಹಾಳೆಗೆ ಹಾಳೆ ಅಂಟಿ ಒಂದೇ ಗಂಟು. ಇನ್ಸ್‌ಪೆಕ್ಟರು ಬೆರಳಿಂದ ಅದನ್ನು ಒಂದು ಬದಿಗೆ ಸರಿಸಿದರು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ. ನಾಮದೇವ ಹೆಂಡತಿಯ ಕಡೆ ತಿರುಗಿ, ಮನೆಯಲ್ಲಿ ಎಂದೂ ಆಡದ ತೆಲುಗಿನಲ್ಲಿ, “ಇದಿ ಮನುಷುಲು ತಿನೇದೇನಾ? ಕುಕ್ಕಕು ವೇಯಿ” ಅಂದ. ಇದು ಮನುಷ್ಯರು ತಿನ್ನುವಂಥದೇ? ನಾಯಿಗೆ ಹಾಕು. ಒಂದು ಅಕ್ಷರವೂ ತೊದಲಲಿಲ್ಲ. ಇನ್ಸ್‌ಪೆಕ್ಟರು ಮೊದಲ ಸಲ ಅವನ ಮುಖ ನೋಡಿ, “ತೆಲುಗು ಚೆನ್ನಾಗಿಯೇ ಬರುತ್ತದಲ್ಲ ಮಾಸ್ತರೇ” ಅಂತ ನಕ್ಕರು. ಆಗ ಅವನಿಗೆ ಸಂತೋಷವಾಯಿತು. ಏಳು ವರ್ಷದಿಂದ ಅವನನ್ನು ತಿಂದದ್ದು ಆಡಿದ ಮಾತಲ್ಲ, ಈ ಸಂತೋಷ. ಕೌಶಲ್ಯಾ ಇಬ್ಬರ ತಾಟನ್ನೂ ಎತ್ತಿಕೊಂಡು ಒಳಗೆ ಹೋಗಿ ಅನ್ನ ಮೊಸರು ತಂದಿಟ್ಟಳು. ಅವಳು ತಾಂಡೂರಿನ ಕಡೆಯವಳು, ಅವನಿಗಿಂತ ಒಳ್ಳೆಯ ತೆಲುಗು ಬರುತ್ತಿತ್ತು. ಆಮೇಲೆ ಚಕೋಲಿ ನಿಂತಿತು.

ಕಣಕದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಬಿಡುವುದು ಅವನಿಗೆ ಎಂದೂ ಆಗದ ಕೆಲಸ. ಹತ್ತು ನಿಮಿಷಕ್ಕೇ ಬಟ್ಟೆ ಎತ್ತಿ ಬೆರಳಿಟ್ಟು ನೋಡಿದ, ಮತ್ತೆ ಮುಚ್ಚಿದ. ತೊಗರಿಬೇಳೆ ಅಷ್ಟರಲ್ಲಿ ಕರಗಿ ಬಂದಿತ್ತು. ಅತ್ತೆ ಕಳಿಸಿದ ತಾಂಡೂರಿನ ಬೇಳೆ, ಒಂದು ಕುದಿಗೇ ಬೇಯುತ್ತದೆ. ಅರಿಶಿನ, ಜೀರಿಗೆ, ಚೂರು ತುಪ್ಪ ಹಾಕಿದ, ಕಾರ ಹಾಕಲಿಲ್ಲ. ನಡುಮನೆಯಲ್ಲಿ ಕೌಶಲ್ಯಾ ಕೆಮ್ಮಿದಳು. ಅವನು ಉಸಿರು ಹಿಡಿದು ಮುಂದಿನ ಕೆಮ್ಮಿಗೆ ಕಾದ, ಬರಲಿಲ್ಲ. ಕಾಯುವುದು ಒಂದನ್ನೇ ಈ ಇಪ್ಪತ್ತಾರು ದಿನ ಮಾಡಿದ್ದ: ಜ್ವರ ಇಳಿಯಲಿ ಎಂದು, ಬೆಳಗಾಗಲಿ ಎಂದು. ಹದಿನಾಲ್ಕನೆಯ ದಿನ ಅವಳು ಗಂಡನ ಗುರುತು ಹಿಡಿಯದೆ, ಯಾರ್ರಿ ನೀವು, ಮಾಸ್ತರು ಮನಿಯಾಗಿಲ್ಲ ಅಂದಿದ್ದಳು. ಆಗ ಅವನು ಹಿತ್ತಲಿಗೆ ಹೋಗಿ, ಬದುಕಿದರೆ ಒಂದು ಸಲ ಅವಳ ಮುಂದೆ ಬಾಯಿ ಬಿಟ್ಟು ತಪ್ಪಾಯಿತು ಅನ್ನುತ್ತೇನೆ ಎಂದು ಹರಕೆಯ ಹಾಗೆ ಅಂದುಕೊಂಡಿದ್ದ. ಬದುಕಿದ್ದಳು. ಬಾಯಿ ಬಿಡುವುದಕ್ಕಿಂತ ಹಿಟ್ಟು ನಾದುವುದು ಸುಲಭ ಅನ್ನಿಸಿದ್ದಕ್ಕೇ ಈಗ ಇಲ್ಲಿ ಕೂತಿದ್ದನೋ ಏನೋ.

ಮಣೆಯ ಮೇಲೆ ಹಿಟ್ಟು ಉದುರಿಸಿ ಲಟ್ಟಿಸಿದ. ಮೊದಲನೆಯ ಹಾಳೆ ಹರಿಯಿತು, ಎರಡನೆಯದಕ್ಕೆ ಮೂರು ಮೂಲೆ ಬಂದವು. ನಾಲ್ಕನೆಯದು ಕೆಳಗಿನ ಮಣೆಯ ಗೀರು ಕಾಣುವಷ್ಟು ತೆಳುವಾಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ, ರಾಮುಲು ಥರ್ಮಾಮೀಟರ್ ನೋಡಿದ ಹಾಗೆ. ಹಾಳೆ ಹರವಲು ಟ್ರಂಕಿನಿಂದ ತನ್ನ ಒಗೆದ ಧೋತರ ತೆಗೆದು ಕಿಟಕಿಯ ಬಳಿಯ ಖಾಲಿ ಮಂಚದ ಮೇಲೆ ಹಾಸಿದ. ಅಂಚಿನ ಮಡಿಕೆಯಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಕೂತಿತ್ತು. ಮೊದಲೂ ಎಷ್ಟೋ ಸಲ ನೋಡಿದ್ದ, ಸುಣ್ಣದ ಕಡ್ಡಿಯ ಪುಡಿ, ಮಾಸ್ತರನ ಬಟ್ಟೆ ಎಷ್ಟು ಒಗೆದರೂ ಅಷ್ಟೆ. ಉಗುರಿನಿಂದ ಕೆರೆದು ಝಾಡಿಸಿ, ಹಾಳೆಗಳನ್ನು ಒಂದರ ಪಕ್ಕ ಒಂದು ಹರವಿ, ಚಾಕುವಿನ ತುದಿಯಿಂದ ಕೊಯ್ದ. ಮೇಲಿನ ಹಸಿ ಆರುವ ತನಕ ತಡೆಯಬೇಕು ಅಂತ ಗೊತ್ತಿತ್ತು. ಆದರೆ ಬೇಳೆ ಕುದಿಯುತ್ತಿತ್ತು, ಅವಳು ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದಳು, ಮನಸ್ಸು ಜಲ್ದಿ ಜಲ್ದಿ ಅನ್ನುತ್ತಿತ್ತು. ಧೋತರದ ನಾಲ್ಕೂ ಮೂಲೆ ಹಿಡಿದು ಎತ್ತಿ, ಎಲ್ಲವನ್ನೂ ಒಮ್ಮೆಗೇ ಪಾತ್ರೆಗೆ ಸುರಿದ.

ಸುರಿಯುವಾಗಲೇ ನೆನಪಾಯಿತು. ಹೀಗೇ, ಬಟ್ಟೆಯ ನಾಲ್ಕೂ ಮೂಲೆ ಹಿಡಿದು, ಆ ದಿನ ಕೌಶಲ್ಯಾ ಸುರಿದಿದ್ದಳು. ಇನ್ಸ್‌ಪೆಕ್ಟರನ್ನು ಹೊರಗೆ ಚಾಪೆಯ ಮೇಲೆ ಕೂಡಿಸಿ ಅವನು ಮೂರು ಸಲ ಒಳಗೆ ಬಂದಿದ್ದ. ಜಲ್ದಿ, ಸಾಹೇಬರಿಗೆ ಬಸ್ಸಿದೆ. ಜಲ್ದಿ. ಇನ್ನೂ ಆಗಿಲ್ಲವೇ, ಜಲ್ದಿ. ಮೂರನೆಯ ಸಲ ಅವಳು, ಇನ್ನಾ ಆರಿಲ್ಲರೀ ಅಂದಿದ್ದಳು, ಆದರೂ ಎತ್ತಿ ಸುರಿದಿದ್ದಳು. ಅವನು ಬಾಗಿಲಲ್ಲೇ ನಿಂತಿದ್ದ. ಕಣ್ಣಾರೆ ನೋಡಿದ್ದ. ನೋಡಿಯೂ ಏಳು ವರ್ಷ ಅದು ಅವನ ನೆನಪಿಗೆ ಬಂದಿರಲಿಲ್ಲ, ಎಷ್ಟು ಅನುಕೂಲವಾಗಿ ಮರೆತಿದ್ದ. ಪಾತ್ರೆಯೊಳಗೆ ಸೌಟು ಆಡಿಸಲು ಹೋದರೆ ಸೌಟೇ ಆಡಲಿಲ್ಲ. ಹಾಳೆಗೆ ಹಾಳೆ ಅಂಟಿ ಮುಷ್ಟಿಗಾತ್ರದ ಗಂಟುಗಳಾಗಿ ಮೇಲೆ ಕೆಳಗೆ ಹೊರಳುತ್ತಿದ್ದವು. ಒಂದನ್ನು ತೆಗೆದು ಒಡೆದು ನೋಡಿದ. ನಡುವೆ ಹಸಿ ಹಿಟ್ಟು ಬೆಳ್ಳಗೆ ಕಾಣಿಸಿತು. ಇದನ್ನೇ ಅಲ್ಲವೇ ರಾಮುಲು ಹೇಳಿದ್ದು. ಸರಿಯಾಗಿ ನೋಡದೆ ಬಡಿಸಿದ್ದರೆ? ಒಲೆಯಿಂದ ಪಾತ್ರೆ ಇಳಿಸಿ ಗೋಡೆಗೆ ಒರಗಿ ಕೂತ. ಎಷ್ಟೋ ಹೊತ್ತಿನ ಮೇಲೆ, ಯಾಕೆಂದು ತಿಳಿಯದೆ, ಆ ಗಂಟಿನ ಬೆಂದ ಬದಿಯನ್ನು ಮುರಿದು ಬಾಯಿಗೆ ಹಾಕಿಕೊಂಡ. ಗಟ್ಟಿಯಾಗಿತ್ತು, ಹಲ್ಲಿಗೆ ಅಂಟಿತು. ಆದರೆ ಬೇಳೆ ಹಿಡಿದಿತ್ತು, ಜೀರಿಗೆಯ ವಾಸನೆ ಇತ್ತು. ತಿನ್ನಬಹುದಾಗಿತ್ತು. ಆ ದಿನ ತಾನು ಒಂದು ಚೂರೂ ಬಾಯಿಗೆ ಇಟ್ಟಿರಲಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ರುಚಿ ನೋಡದೆಯೇ ನಾಯಿಗೆ ಹಾಕು ಅಂದಿದ್ದ. ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಯಾರೂ ಇಲ್ಲ ಅನ್ನುವ ಹಾಗೂ ಇರಲಿಲ್ಲ. ಹಿತ್ತಲ ಗೋಡೆಯ ಆಚೆಯಿಂದ ಗುಂಡಮ್ಮನ ದನಿ ಬಂತು. “ಮಾಸ್ತರ್ರ, ಸೌಟಿನ ಸಪ್ಪಳ ನಿಂತದಲ್ಲ. ಗಂಟಾತೇನ್ರಿ?”

ಅವನು ಮೂಗು ಒರೆಸಿಕೊಂಡ. ಇಲ್ಲ ಅನ್ನಬೇಕೆಂದಿದ್ದ. “ಹೌದವ್ವ, ಗಂಟಾತು” ಅಂದ.

“ಒಮ್ಮಿಗೇ ಸುರದಿರಿ ಹೌದಿಲ್ಲೋ? ಗಂಡಸರು ಎಲ್ಲಾದಕ್ಕೂ ಹಂಗೇ. ಕಣಕ ಇನ್ನಾ ಅದೇನು?”

“ಅರ್ಧಾ ಅದ.”

“ಹಂಗಾದ್ರ ಫಿಕರ್ ಯಾಕ. ಲಟ್ಟಿಸಿ ಆರಾಕ ಬಿಡ್ರಿ. ಬೆರಳು ಹಚ್ಚಿದ್ರ ಅಂಟಬಾರದು. ಆಮ್ಯಾಲ ಒಂದೊಂದೇ ಬಿಡ್ರಿ. ಒಂದು ಮುಳುಗಿ ತೇಲಿದ ಮ್ಯಾಲೇ ಇನ್ನೊಂದು. ಅವಸರ ಮಾಡಿದ್ರ ಅದು ಮಾತು ಕೇಳಂಗಿಲ್ಲ.”

ಶಾಲೆಯಲ್ಲಿ ಯಾರೂ ಅವನಿಗೆ ಇಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ. ಮತ್ತೆ ಬೇಳೆ ಇಟ್ಟ. ಮತ್ತೆ ಲಟ್ಟಿಸಿ ಹರವಿದ. ಈ ಸಲ ಮಂಚದ ಪಕ್ಕದಲ್ಲೇ ಕೂತು, ಹಾಳೆಯ ಮೇಲಿನ ಹಸಿ ಹೊಳಪು ನಿಧಾನವಾಗಿ ಮಂಕಾಗುವುದನ್ನು ನೋಡಿದ. ಬಿಸಿಲು ಕಿಟಕಿಯಿಂದ ಇಳಿದು ಧೋತರದ ಅರ್ಧಕ್ಕೆ ಬಂತು. ಬೆರಳು ಹಚ್ಚಿದ, ಅಂಟಲಿಲ್ಲ. ಒಂದು ತುಂಡು ಬಿಟ್ಟ. ಅದು ಮುಳುಗಿತು, ಅಂಚು ಸುಕ್ಕಾಯಿತು, ತೇಲಿತು. ಇನ್ನೊಂದು ಬಿಟ್ಟ. ಐವತ್ತು ಅರವತ್ತು ತುಂಡುಗಳನ್ನು ಹೀಗೆ ಬಿಡುವ ಹೊತ್ತಿಗೆ ಅವನ ಮನಸ್ಸಿನಲ್ಲಿ ಇನ್ಸ್‌ಪೆಕ್ಟರೂ ಇರಲಿಲ್ಲ, ಹಿಂದಿನ ಸಾಲಿನ ಹುಡುಗರೂ ಇರಲಿಲ್ಲ. ಕೊನೆಗೆ ಒಂದೊಂದನ್ನೂ ಸೌಟಿನಲ್ಲಿ ಎತ್ತಿ, ಎರಡು ಬೆರಳ ನಡುವೆ ಒತ್ತಿ ನೋಡಿದ. ಬೆಣ್ಣೆಯ ಹಾಗೆ ಮೆತ್ತಗಾಗಿದ್ದವು. ಒಂದೂ ಗಂಟಿರಲಿಲ್ಲ.

ಕೌಶಲ್ಯಾಳನ್ನು ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಚಮಚೆಯಿಂದ ಮೊದಲ ತುತ್ತು ಬಾಯಿಗೆ ಇಟ್ಟ. ಅವಳು ಬಹಳ ಹೊತ್ತು ಬಾಯಿಯಲ್ಲೇ ಇಟ್ಟುಕೊಂಡಳು. ನುಂಗಿದಳು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ಇನ್ನೊಂದಕ್ಕೆ ಬಾಯಿ ತೆರೆದಳು. ನಾಲ್ಕನೆಯ ತುತ್ತಿಗೆ ಕಣ್ಣು ಪೂರ್ತಿ ತೆರೆದು ತಾಟಿನ ಒಳಗೆ ನೋಡಿದಳು. ಈಗ ಹೇಳಬೇಕು, ಹರಕೆ ತೀರಿಸಬೇಕು ಅನ್ನಿಸಿತು.

“ಕೌಶಲ್ಯಾ, ಅವತ್ತು ನಾ ಸಾಹೇಬರ ಮುಂದ ನಿನಗ ಹಂಗ ಅನಬಾರದಿತ್ತು. ಜಲ್ದಿ ಜಲ್ದಿ ಅಂತ ಹಿಂದ ಬಿದ್ದಾವ ನಾನೇ. ಗಂಟಾಗಿದ್ದು ನನ್ನಿಂದ. ತಪ್ಪಾತು. ಆಮ್ಯಾಲ ನೀ ಚಕೋಲಿ ಮಾಡೋದೇ ಬಿಟ್ಟಿ.”

ಅವಳು ಅವನನ್ನೇ ನೋಡಿದಳು. ಇಪ್ಪತ್ತಾರು ದಿನದ ಮೇಲೆ ಆ ಮೂಳೆ ಮುಖದಲ್ಲಿ ಏನೋ ಹೊರಳಿತು.

“ಬಿಟ್ಟೀನಿ ಅಂತ ಯಾರು ಹೇಳಿದ್ರಿ?”

“ಮತ್ತ?”

“ನೀವು ತಿಂಗಳಿಗೊಮ್ಮಿ ಜಹೀರಾಬಾದಿಗಿ ಮೀಟಿಂಗಿಗಿ ಹೋಗ್ತಿದ್ರಲ್ಲ.” ದನಿ ಸಣ್ಣದಿತ್ತು, ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. “ನೀವು ಬಸ್ಸು ಹತ್ತಿದ ದಿನಾ ಮಾಡ್ತಿದ್ದೆ. ನಾನು, ಹುಡುಗ್ರು, ಗುಂಡಮ್ಮ ಕುಂತು ತಿಂತಿದ್ವಿ. ನಿಮ್ಮ ಧೋತರದ ಮ್ಯಾಲೇ ಆರಸ್ತಿದ್ದೆ.”

ನಾಮದೇವನಿಗೆ ಧೋತರದ ಮಡಿಕೆಯ ಬಿಳಿ ಪುಡಿ ನೆನಪಾಯಿತು. ಏಳು ವರ್ಷದಿಂದ ಸುಣ್ಣವೆಂದು ಝಾಡಿಸಿದ್ದು ಹಿಟ್ಟು. “ಅವತ್ತಿಂದು? ನಾಯಿಗಿ ಹಾಕಿದ್ದು?”

“ನಾಯಿಗಿ ಯಾಕ ಹಾಕ್ಲಿ? ಗೋಧಿ ಏನು ತಪ್ಪು ಮಾಡಿತ್ತು? ಗಂಟು ಬಿಡಿಸಿ, ಒಗ್ಗರಣಿ ಕೊಟ್ಟು, ನಾನು ಗುಂಡಮ್ಮ ಇಬ್ಬರೂ ತಿಂದ್ವಿ.”

“ಅಂದ್ರ ನಿನಗ ಸಿಟ್ಟು ಬಂದಿರಲಿಲ್ಲ?”

“ಬಂದಿತ್ತರಿ. ಬಹಳ ಬಂದಿತ್ತು.” ಅವಳು ದಿಂಬಿಗೆ ತಲೆ ಒರಗಿಸಿದಳು. “ಅದಕ್ಕೇ ನಿಮಗ ಹಾಕಲಿಲ್ಲ.”

ಅವನು ಚಮಚೆಯನ್ನು ತಾಟಿಗೆ ಇಳಿಸಿದ. ತನ್ನಿಂದ ಒಂದು ಹೆಣ್ಣಿನ ಮನಸ್ಸು ಮುರಿದು, ಒಂದು ತಿನಿಸೇ ಮನೆ ಬಿಟ್ಟು ಹೋಯಿತೆಂದು ಏಳು ವರ್ಷ ತಲೆಯ ಮೇಲೆ ಹೊತ್ತು ತಿರುಗಿದ್ದ. ಮನೆಯಲ್ಲಿ ತಿಂಗಳು ತಿಂಗಳೂ ಚಕೋಲಿ ಬೆಂದಿತ್ತು, ಎಲ್ಲರೂ ಹೊಟ್ಟೆತುಂಬ ತಿಂದಿದ್ದರು. ತನಗೆ ಶಿಕ್ಷೆಯಾಗಿತ್ತು, ಸರಿಯಾಗಿಯೇ ಆಗಿತ್ತು. ಆಗುತ್ತಿದೆ ಎನ್ನುವುದು ಮಾತ್ರ ತನಗೊಬ್ಬನಿಗೇ ಗೊತ್ತಿರಲಿಲ್ಲ. ಹೊಟ್ಟೆಯ ಆಳದಿಂದ ನಗು ಎದ್ದಿತು. ತಡೆಯಲು ಆಗದೆ, ಭುಜ ಕುಲುಕಿ, ತಾಟಿನ ಬೇಳೆ ತುಳುಕಿತು.

“ಅಳ್ಳಾಕತ್ತೀರೋ ನಗಾಕತ್ತೀರೋ?” ಕೌಶಲ್ಯಾ ಕೇಳಿದಳು.

“ಗೊತ್ತಾಗವಲ್ದು.”

“ಆಮ್ಯಾಲ ನೋಡ್ಕೋರಿ. ಉಪ್ಪು ಕಡಿಮಿ ಆಗ್ಯಾದ, ಜರಾ ತರ್ರಿ. ಬರುವಾಗ ನಿಮ್ಮ ತಾಟೂ ತರ್ರಿ.”

ಉಪ್ಪು ತರಲು ಎದ್ದವನಿಗೆ ಬಾಗಿಲು ಬಡಿದ ಸದ್ದು ಕೇಳಿಸಿತು. ಹೊರಗೆ ಗುಂಡಮ್ಮ, “ಕೌಸಲ್ಯಕ್ಕ, ನಂದೊಂದು ಪಾಲು ಇಟ್ಟೀರೋ ಇಲ್ಲೋ? ಗಂಗಾಳ ತಂದೀನಿ” ಅನ್ನುತ್ತಿದ್ದಳು. ಕೈಯೆಲ್ಲ ಹಿಟ್ಟು, ಧೋತರಕ್ಕೆ ಹಿಟ್ಟು, ಮೀಸೆಯ ತುದಿಗೂ ಹಿಟ್ಟು. ನಾಮದೇವ ಒರೆಸಿಕೊಳ್ಳದೆ ಹಾಗೇ ಹೋಗಿ ಅಗಳಿ ತೆಗೆದ.